ಹೊಳೆಯ ಉದ್ದ, ಹೊಳೆಯ ಅಡ್ಡ

ಈ ಸಲದ ದಸರೆಯ ಸೂಟಿಯಲ್ಲಿ ನಾನು ಓದಿದ್ದು ಒಂದೇ ಪುಸ್ತಕ. ಅದೂ ಹೊಸದಲ್ಲ, 1878ರಲ್ಲಿ ಅಚ್ಚಾದದ್ದು. ಆರ್. ಎಲ್. ಸ್ಟೀವನ್‌ಸನ್ನನ ‘ಆ್ಯನ್ ಇನ್‌ಲ್ಯಾಂಡ್ ವಾಯೇಜ್’, ಅಂದರೆ ಒಳನಾಡಿನ ಜಲಯಾನ. ‘ಟ್ರೆಜರ್ ಐಲಂಡ್’ ಬರೆದವನೆಂದು ನಮ್ಮ ಶಾಲೆಯ ಹುಡುಗರೂ ಬಲ್ಲ ಈ ಗ್ರಂಥಕರ್ತನ ಮೊದಲ ಪುಸ್ತಕವಿದು. ಕನ್ನಡ ಕಲಿಸುವವನಿಗೆ ಇದರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಪ್ರವಾಸ ಸಾಹಿತ್ಯವನ್ನು ಪಾಠ ಹೇಳುವ ಸರದಿ ನನಗೆ ಬಂದಿತ್ತು. ನಮ್ಮ ಪ್ರವಾಸ ಕಥನಗಳಲ್ಲಿ ಬಹುಪಾಲು ವಿಮಾನ ಇಳಿದಲ್ಲಿಂದ ಆರಂಭವಾಗಿ ವಿಮಾನ ಏರುವಲ್ಲಿಗೆ ಮುಗಿಯುತ್ತವೆ. ನಡುವೆ ಇರುವುದು ನೋಡಿದ ಸ್ಥಳಗಳ ಯಾದಿ, ಉಂಡ ಊಟದ ವರ್ಣನೆ. ದಾರಿಯೇ ವಸ್ತುವಾದ ಪುಸ್ತಕವೊಂದನ್ನು ಹುಡುಗರಿಗೆ ತೋರಿಸಬೇಕೆಂದು ಹುಡುಕುವಾಗ ಇದು ಕೈಗೆ ಬಂತು.

1876ರ ಶರತ್ಕಾಲದಲ್ಲಿ, ಇಪ್ಪತ್ತೈದರ ಪ್ರಾಯದ ಸ್ಟೀವನ್‌ಸನ್ ತನ್ನ ಗೆಳೆಯ ಸಿಂಪ್ಸನ್ನನೊಡನೆ ಎರಡು ಪುಟ್ಟ ದೋಣಿಗಳಲ್ಲಿ ಬೆಲ್ಜಿಯಮ್ಮಿನ ಆ್ಯಂಟ್‌ವರ್ಪಿನಿಂದ ಹೊರಡುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ದೋಣಿ. ಒಂದರ ಹೆಸರು ಅರೆಥೂಸಾ, ಇನ್ನೊಂದರದು ಸಿಗರೇಟ್! ವಿಲ್ಲೆಬ್ರೂಕ್ ಕಾಲುವೆಯಲ್ಲಿ ಹುಟ್ಟು ಹಾಕುತ್ತ ಬ್ರಸೆಲ್ಸ್ ಮುಟ್ಟಿ, ಅಲ್ಲಿಂದ ಫ್ರಾನ್ಸಿನ ಗಡಿ ದಾಟಿ, ಸಾಂಬ್ರ್ ನದಿ, ಒಂದು ಕಾಲುವೆ, ಆಮೇಲೆ ವಾಝ್ ನದಿ, ಹೀಗೆ ಪೊಂಟ್ವಾಸ್ ಎಂಬ ಊರಿನವರೆಗೆ ಪಯಣ. ಕಥೆ ಇಷ್ಟೇ. ದಾರಿಯುದ್ದಕ್ಕೂ ಮಳೆ. ಮಳೆಯಲ್ಲಿ ಪುಟ್ಟ ಒಲೆ ಹೊತ್ತಿಸಿ ಮೊಟ್ಟೆ ಬೇಯಿಸಲು ಹೋಗಿ ಕೆಡಿಸಿಕೊಳ್ಳುತ್ತಾರೆ. ನೆನೆದ ಬಟ್ಟೆಯ ಇವರನ್ನು ನೋಡಿ ಒಂದೂರಿನವರು ಗಂಟು ಹೊತ್ತು ಮಾರುವವರೆಂದು ತಿಳಿಯುತ್ತಾರೆ. ಲಾ ಫೇರ್ ಎಂಬಲ್ಲಿ ಖಾನಾವಳಿಯ ಒಡತಿ ಬಾಗಿಲಿನಿಂದಲೇ ಅಟ್ಟುತ್ತಾಳೆ. ವಾಝ್ ನದಿಗೆ ಮಹಾಪೂರ ಬಂದಾಗ ಅಡ್ಡಬಿದ್ದ ಮರವೊಂದಕ್ಕೆ ಸಿಕ್ಕು ದೋಣಿ ಕೈಬಿಟ್ಟು ಹೋಗುತ್ತದೆ. ಮರಕ್ಕೆ ಜೋತುಬಿದ್ದ ಸ್ಟೀವನ್‌ಸನ್ ಅಂಥ ಹೊತ್ತಿನಲ್ಲಿಯೂ ಹುಟ್ಟನ್ನು ಮಾತ್ರ ಬಿಡಲಿಲ್ಲವೆಂದು ಹೆಮ್ಮೆಪಡುತ್ತಾನೆ. ಈ ಪುಟಗಳನ್ನು ಓದುವಾಗ ನಗೆ ಬರುತ್ತದೆ, ಎದೆಯೂ ಡವಗುಟ್ಟುತ್ತದೆ.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ತರುಣ ಲೇಖಕನಿಗೆ ತನ್ನ ಮಾತಿನ ಚಮತ್ಕಾರದ ಮೇಲೆ ಮೋಹ ಹೆಚ್ಚು. ಹಳ್ಳಿಗರನ್ನು ಕಂಡರೆ ಸಾಕು, ಅವರ ಮೇಲೊಂದು ಪುಟ್ಟ ಉಪನ್ಯಾಸ ಕಟ್ಟುತ್ತಾನೆ. ಕಾಲುವೆಯ ಸರಕುದೋಣಿಗಳಲ್ಲಿಯೇ ಸಂಸಾರ ಹೂಡಿರುವ ಜನರ ಬಾಳನ್ನು ಬಣ್ಣಿಸುವಲ್ಲಿ ಅವನು ಅವರ ದುಡಿಮೆಯನ್ನು ಕಾಣದೆ ನಿಶ್ಚಿಂತೆಯನ್ನು ಮಾತ್ರ ಕಂಡಿದ್ದಾನೆ. ಆದರೂ ಒಂದು ಗುಣ ಇಡೀ ಪುಸ್ತಕವನ್ನು ಕಾಯ್ದಿದೆ. ಅದು ನಿಧಾನ. ಕಾಂಪ್ಯೇನ್ ಎಂಬ ಊರಿನಲ್ಲಿ ಮನೆಯಿಂದ ಬಂದ ಕಾಗದಗಳು ಕೈಸೇರಿದೊಡನೆ ಆ ನಿಧಾನದ ಮಂತ್ರ ಒಡೆಯುತ್ತದೆ, ಅಲ್ಲಿಂದ ಮುಂದೆ ಪಯಣ ಸಪ್ಪೆಯಾಯಿತೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಕಿಸೆಯಲ್ಲಿ ಗಳಿಗೆಗೊಮ್ಮೆ ಗುಂಯ್‌ಗುಡುವ ಯಂತ್ರ ಇಟ್ಟುಕೊಂಡು ಪ್ರವಾಸ ಹೋಗುವ ನಾವು ಈ ಅಧ್ಯಾಯವನ್ನು ಎರಡು ಸಲ ಓದಬೇಕು.

ತೊಡಕು ಬಂದದ್ದು ತರಗತಿಯಲ್ಲಿ. ಈ ಪಯಣದಲ್ಲಿ ಮಾತು ಮಾತಿಗೆ ಬರುವ ‘ಲಾಕ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಬೀಗವೆಂದರೆ ಹುಡುಗರು ನಗುತ್ತಾರೆ. ತೂಬು ಎನ್ನೋಣವೆಂದರೆ ತೂಬಿನಿಂದ ನೀರು ಹೋಗುತ್ತದೆ, ದೋಣಿ ಹೋಗುವುದಿಲ್ಲ. ಕಾಲುವೆ ಏರುನೆಲವನ್ನು ಹತ್ತಬೇಕಾದಲ್ಲಿ ಎರಡು ಬಾಗಿಲುಗಳ ನಡುವೆ ಕಲ್ಲಿನ ತೊಟ್ಟಿಯೊಂದನ್ನು ಕಟ್ಟಿರುತ್ತಾರೆ. ಕೆಳಗಿನ ಬಾಗಿಲಿನಿಂದ ದೋಣಿ ಒಳಗೆ ಬಂದ ಮೇಲೆ ಆ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ತೊಟ್ಟಿ ತುಂಬಿದಂತೆ ದೋಣಿ ಏಳುತ್ತದೆ. ನೀರು ಮೇಲಿನ ಮಟ್ಟಕ್ಕೆ ಸಮನಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಇಳಿಯುವಾಗ ಇದೇ ಕೆಲಸ ತಿರುಗುಮುರುಗು. ನೀರಿಗೆ ಕಟ್ಟಿದ ಮೆಟ್ಟಿಲೆಂದು ತಿಳಿದರಾಯಿತು. ಬ್ರಸೆಲ್ಸಿನಿಂದ ಶಾರ್ಲರ್ವಾ ಎಂಬಲ್ಲಿಯವರೆಗೆ ಇಂಥವು 55 ಇದ್ದವಂತೆ. ಅಷ್ಟನ್ನು ಹಾಯುವುದೂ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯುವುದೂ ಒಂದೇ ಎಂದು ನಮ್ಮ ವೀರರಿಬ್ಬರೂ ದೋಣಿಸಮೇತ ರೈಲು ಹತ್ತಿಬಿಟ್ಟರು! ತರಗತಿಗೆ ಬಹಳ ಮೆಚ್ಚಿಗೆಯಾದದ್ದು ಈ ಪ್ರಸಂಗವೇ.

ಪಾಠ ಮುಗಿದಾಗ ಇಳಕಲ್ಲಿನ ನೇಕಾರರ ಮನೆಯ ಹುಡುಗನೊಬ್ಬ ಎದ್ದು ಕೇಳಿದ: “ನಮ್ಮಲ್ಲಿ ಮೂರು ಹೊಳಿ ಅದಾವಲ್ರಿ ಸರ, ಯಾರೂ ಹಿಂಗ ಬರದಿಲ್ಲೇನ್ರಿ?”

ಪ್ರಶ್ನೆ ಸಣ್ಣದಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ನಮ್ಮ ಜಿಲ್ಲೆಯವು. ಮಲಪ್ರಭೆಯಂತೂ ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹೊರಳಿ, ಐಹೊಳೆಯನ್ನು ಸವರಿಕೊಂಡು, ಹುನಗುಂದದ ಸೀಮೆಯ ಕೂಡಲ ಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಚಾಲುಕ್ಯರ ಗುಡಿಗಳಿಂದ ಬಸವಣ್ಣನ ಐಕ್ಯಸ್ಥಳದವರೆಗೆ ಒಂದೇ ನೀರು. ಬೇರೆ ದೇಶದಲ್ಲಾಗಿದ್ದರೆ ಈ ದಾರಿಯ ಮೇಲೆ ಹತ್ತು ಪುಸ್ತಕ ಬರುತ್ತಿದ್ದವು. ನಮ್ಮಲ್ಲಿ ಪಟ್ಟದಕಲ್ಲಿನ ಮೇಲೆ ಬರೆದವರು ಅನೇಕರು, ಐಹೊಳೆಯ ಮೇಲೆಯೂ ಅನೇಕರು. ಎರಡನ್ನೂ ಕೂಡಿಸುವ ಹೊಳೆಯ ಮೇಲೆ ಕೂತು ಬರೆದವರನ್ನು ನಾನು ಓದಿಲ್ಲ.

ಇದಕ್ಕೆ ಸಿದ್ಧವಾದ ಉತ್ತರವೊಂದು ವಿದ್ವಾಂಸರ ಬಾಯಲ್ಲಿದೆ: ಭಾರತೀಯ ಮನಸ್ಸು ಪರಲೋಕದ ಕಡೆಗೆ ತಿರುಗಿದ್ದು, ಅದಕ್ಕೆ ಆಚೆಯ ದಡ ಬೇಕು, ದಾರಿ ಬೇಡ. ಈ ಉತ್ತರವನ್ನು ನಾನು ಒಪ್ಪಲಾರೆ. ಇದು ಹೊಳೆಯನ್ನು ನೋಡದೆ ಕೊಟ್ಟ ಉತ್ತರ. ನಮ್ಮ ಹೊಳೆಗಳು ಶ್ರಾವಣದಲ್ಲಿ ದಡ ಕೊಚ್ಚುತ್ತವೆ, ಚೈತ್ರದಲ್ಲಿ ಬಂಡೆ ತೋರಿಸುತ್ತವೆ. ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತು ದೋಣಿಗೆ ಬೆನ್ನು ಕೊಡುವ ಸೌಮ್ಯ ಸ್ವಭಾವ ಅವಕ್ಕಿಲ್ಲ. ಸವದತ್ತಿಯ ಬಳಿ ಅಣೆಕಟ್ಟಾದ ಮೇಲೆ ಬೇಸಿಗೆಯಲ್ಲಿ ಬಡವಾಗುವ ಇದೇ ಮಲಪ್ರಭೆ 2009ರ ಶರತ್ಕಾಲದಲ್ಲಿ ಊರುಗಳನ್ನು ನುಂಗಿತು; 2019ರಲ್ಲಿ ಪಟ್ಟದಕಲ್ಲಿನ ಗುಡಿಗಳೊಳಗೆ ಹೊಕ್ಕಿತು. ಇಂಥ ನೀರಿನ ಮೇಲೆ ಉದ್ದಕ್ಕೆ ಹೋಗುವವನು ಕವಿಯಲ್ಲ, ಹುಂಬ.

ನಮ್ಮ ಹಡಗಾದರೂ ಎಂಥದು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪಯೇಸ್, ಆನೆಗೊಂದಿಗೆ ದಾಟಿಸುವ ಹರಗೋಲನ್ನು ಕಂಡು ಬೆರಗಾಗಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬಿದಿರು, ಹೊರಗೆ ತೊಗಲು, ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಾರೆ, ಹುಟ್ಟು ಹಾಕಿದಂತೆಲ್ಲ ಗಿರಗಿರನೆ ತಿರುಗುತ್ತದೆ. ಮೂತಿಯೂ ಇಲ್ಲ, ಬಾಲವೂ ಇಲ್ಲ. ಬಂಡೆಗಳ ನಡುವೆ ಆಚೆ ದಡ ಮುಟ್ಟಲು ಇದಕ್ಕಿಂತ ಜಾಣ ಸಾಧನವಿಲ್ಲ. ಮೂವತ್ತು ಮೈಲಿ ಪಯಣಕ್ಕೆ ಇದಕ್ಕಿಂತ ದಡ್ಡ ಸಾಧನವೂ ಇಲ್ಲ.

ಕಾಲುವೆ, ಲಾಕುಗಳ ಪ್ರಯೋಗವೂ ನಮ್ಮ ಹತ್ತಿರದಲ್ಲಿ ಆಗಿಹೋಗಿದೆಯೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರಾಯಚೂರಿನ ಸೀಮೆ ದಾಟಿದ ತುಂಗಭದ್ರೆಗೆ ಕರ್ನೂಲಿನ ಬಳಿ ಸುಂಕೇಸುಲದಲ್ಲಿ ಅಡ್ಡಕಟ್ಟು ಹಾಕಿ, ಕಡಪದವರೆಗೆ ಕಾಲುವೆಯೊಂದನ್ನು 1860ರ ದಶಕದಲ್ಲಿ ಮದ್ರಾಸಿನ ಖಾಸಗಿ ಕಂಪನಿಯೊಂದು ತೋಡಿಸಿತು. ರೈಲಿಗಿಂತ ಜಲಮಾರ್ಗವೇ ಈ ದೇಶಕ್ಕೆ ಲೇಸೆಂದು ವಾದಿಸುತ್ತಿದ್ದ ಆರ್ಥರ್ ಕಾಟನ್ನನ ಕನಸು ಅದು. ನೀರಾವರಿಗೂ ಆಗಬೇಕು, ದೋಣಿಯೂ ನಡೆಯಬೇಕೆಂದು ಅದಕ್ಕೆ ಲಾಕುಗಳನ್ನು ಕಟ್ಟಿದರು. ಕಂಪನಿ ಸೋತಿತು, 1882ರಲ್ಲಿ ಸರಕಾರ ಕಾಲುವೆಯನ್ನು ಕೊಂಡುಕೊಂಡಿತು. ಕಾಲುವೆ ಹೊಲಕ್ಕೆ ಉಳಿಯಿತು, ದೋಣಿ ಉಳಿಯಲಿಲ್ಲ. ಅದೇ ದಶಕದಲ್ಲಿ ನಮ್ಮ ಬಾಗಲಕೋಟೆ, ಬಾದಾಮಿಗಳಿಗೆ ಗದಗಿನ ರೈಲು ಬಂತು. ಸ್ಟೀವನ್‌ಸನ್ ಬ್ರಸೆಲ್ಸಿನಲ್ಲಿ ಮಾಡಿದ್ದನ್ನೇ ಇಡೀ ದೇಶ ಮಾಡಿತು.

ಕರಾವಳಿಯ ಮಾತು ಬೇರೆ. ಅಲ್ಲಿ ಸಮುದ್ರದ ಉಬ್ಬರ ಹೊಳೆಯೊಳಗೆ ಏರಿಬರುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆಗೆ ಶರಾವತಿಯ ಮೇಲೆ ದೋಣಿಯಲ್ಲಿ ಹೋಗಿ ಆಮೇಲೆ ಘಟ್ಟ ಹತ್ತಿ ಜೋಗ ನೋಡುವುದು ಒಂದು ಕಾಲದ ರೂಢಿಯ ದಾರಿ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಹೊಳೆ ಮತ್ತು ಕಡಲು ಮನೆಯ ಅಂಗಳದಷ್ಟು ಸಹಜವಾಗಿರುವುದಕ್ಕೆ ಈ ನೆಲವೇ ಕಾರಣ. ಬಯಲುಸೀಮೆಯ ನಮಗೆ ಆ ಭಾಗ್ಯವಿಲ್ಲ.

ನಮಗೆ ಇದ್ದದ್ದು ದಾಟುವ ದೋಣಿ. ಆದರೆ ಆ ದೋಣಿಯನ್ನು ಹಿಡಿದು ಕನ್ನಡ ಮಾಡಿದ ಕೆಲಸ ಸಾಮಾನ್ಯವಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನನ್ನು ನೋಡಿ. ರಾಣೇಬೆನ್ನೂರು ತಾಲೂಕಿನ, ತುಂಗಭದ್ರೆಯ ದಡದ ಚೌಡದಾನಪುರದೊಡನೆ ಅವನ ಹೆಸರು ಬೆಸೆದಿದೆ. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ ಅವನು ತನ್ನ ಹೆಸರನ್ನೇ, ತನ್ನ ಕಸುಬಿನ ಸಮೇತ, ಅಂಕಿತ ಮಾಡಿಕೊಂಡ. ಅವನ ಮಾತು ಒರಟು ಎನ್ನುವ ವಿಮರ್ಶಕರಿದ್ದಾರೆ. ಒರಟು ನಿಜ. ಹೊಳೆಯ ನಡುವೆ ನಿಂತು ಕೂಗಬೇಕಾದವನ ಗಂಟಲು ಅದು. ಮಠದ ಚಾವಡಿಯಲ್ಲಿ ಕೂತವನದಲ್ಲ. ದೋಣಿಯಲ್ಲಿ ಯಾರು ಹತ್ತಿದರೂ ಭಾರ ಭಾರವೇ, ಜಾತಿ ನೋಡಿ ನೀರು ಹಗುರಾಗುವುದಿಲ್ಲ ಎಂಬುದು ಅವನಿಗೆ ಶಾಸ್ತ್ರದಿಂದ ತಿಳಿದದ್ದಲ್ಲ, ತೋಳಿನಿಂದ ತಿಳಿದದ್ದು. ಅವನ ಸಿಟ್ಟಿಗೂ ಅವನ ಸಮತೆಗೂ ಬೇರು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ದಾಸರು ದೇವರನ್ನೇ ಅಂಬಿಗನನ್ನಾಗಿ ಮಾಡಿದರು. ತುಂಬಿದ ಹೊಳೆಯನ್ನು ನೋಡಿ ಕಾಲು ನಡುಗಿದವರಿಗೆ ಆ ಕೀರ್ತನೆಗಳು ಅರ್ಥವಾಗುವ ಬಗೆಯೇ ಬೇರೆ. ನಮ್ಮ ಕಾಲಕ್ಕೆ ಬಂದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದೆ. ಮಳೆಗಾಲದ ತುಂಗೆಯನ್ನು ದಾಟುವ ಪ್ರಸಂಗದಲ್ಲಿ ಗುತ್ತಿಯ ನಾಯಿ ಹುಲಿಯ ಪ್ರವಾಹಕ್ಕೆ ಸಿಕ್ಕಿ ಹೋಗುವುದನ್ನು ಓದಿ ಕಣ್ಣೊರೆಸಿಕೊಳ್ಳದವರು ವಿರಳ. ಇಲ್ಲಿ ಹೊಳೆಯ ಅಗಲ ಕೆಲವು ಮಾರುಗಳು ಮಾತ್ರ. ಆ ಅಗಲದಲ್ಲಿ ಒಂದು ಬಾಳಿನ ಉದ್ದ ಅಡಗಿದೆ.

ನೇಕಾರರ ಹುಡುಗನಿಗೆ ನಾನು ಮಗ್ಗವನ್ನು ನೆನಪು ಮಾಡಿಕೊಟ್ಟೆ. ಲಾಳಿಯ ಆಕಾರ ದೋಣಿಯದು. ಅದು ಎಂದೂ ಹಾಸಿನ ಉದ್ದಕ್ಕೆ ಓಡುವುದಿಲ್ಲ, ಅಡ್ಡಡ್ಡ ಹಾಯುತ್ತದೆ. ಸೀರೆ ಮಾತ್ರ ಉದ್ದಕ್ಕೆ ಬೆಳೆಯುತ್ತದೆ.

ಹೀಗೆ ಹೇಳಿ ತರಗತಿಯಲ್ಲಿ ಗೆದ್ದೆನೇನೋ ನಿಜ. ಮನೆಗೆ ಬಂದ ಮೇಲೆ ನನ್ನ ಉತ್ತರ ನನಗೇ ಅರೆ ಎನಿಸಿತು. ಚೌಡಯ್ಯನ ದೋಣಿ ದೊಡ್ಡದು, ಸರಿ. ಆದರೆ ಇಂದು ಆ ದೋಣಿ ಎಲ್ಲಿದೆ? ಊರೂರಿಗೆ ಸೇತುವೆಯಾಗಿದೆ. ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಲಾಂಚಿನಲ್ಲಿ ದಾಟುತ್ತಿದ್ದ ಕಡೆಯಲ್ಲಿಯೂ 2025ರಲ್ಲಿ ಸೇತುವೆ ತೆರೆಯಿತು. ಆಗಲಿ, ಬಸುರಿ ಹೆಂಗಸನ್ನು ರಾತ್ರಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾದವನಿಗೆ ಸೇತುವೆಗಿಂತ ದೊಡ್ಡ ಕಾವ್ಯವಿಲ್ಲ. ನನ್ನ ತಕರಾರು ಕವಿಗಳ ಮೇಲೆ. ದೋಣಿಯ ಬಾಡಿಗೆ ಕೊಟ್ಟು ಗೊತ್ತಿಲ್ಲದವರು, ಹುಟ್ಟು ಹಿಡಿದು ಅಂಗೈ ಬೊಬ್ಬೆ ಎದ್ದು ಗೊತ್ತಿಲ್ಲದವರು, ವಾರವಾರವೂ ಅಂಬಿಗನನ್ನು ಕರೆಯುತ್ತಿದ್ದಾರೆ. ಕವಿಗೋಷ್ಠಿಯಲ್ಲಿ ಹತ್ತು ಕವನ ಓದಿದರೆ ನಾಲ್ಕರಲ್ಲಿ ದಡ, ಮೂರರಲ್ಲಿ ಸುಳಿ. ಚೌಡಯ್ಯನ ತೋಳಿನಿಂದ ಹೊರಟ ಮಾತು ಈಗ ಚಲಾವಣೆ ಹೋದ ನಾಣ್ಯವಾಗಿದೆ. ನಮ್ಮ ಜಿಲ್ಲೆಯಲ್ಲಿ ಈ ಸೋಮಾರಿತನಕ್ಕೆ ಕ್ಷಮೆಯೇ ಇಲ್ಲ. ಏಕೆಂದರೆ ನೀರು ನಮ್ಮನ್ನು ಬಿಟ್ಟು ಹೋಗಿಲ್ಲ, ಮೈಮೇಲೆಯೇ ಬಂದಿದೆ.

ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಣೆಕಟ್ಟು ಮುಗಿದದ್ದು 2005ರಲ್ಲಿ. ಈ ನಡುವೆ ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಕೇರಿಗಳು ಒಂದೊಂದಾಗಿ ಹಿನ್ನೀರಿಗೆ ಸಂದವು. ನನ್ನ ತಾಯಿಯ ತವರು ಆ ಕೇರಿಗಳಲ್ಲೊಂದು. ಸೋದರಮಾವ ಬಾಗಿಲ ಚೌಕಟ್ಟನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿಸಿದಾಗ ನಾನು ಕಾಲೇಜು ಹುಡುಗ. ನವನಗರದ ಹೊಸ ಮನೆಗೆ ಆ ಚೌಕಟ್ಟು ಹೊಂದಲಿಲ್ಲ. ಬಹಳ ದಿನ ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತಿತ್ತು. ಸ್ಟೀವನ್‌ಸನ್ನನ ಲಾಕುಗಳ ಬಗ್ಗೆ ಓದುವಾಗ ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿದ್ದು ಆ ಚೌಕಟ್ಟು. ಅಣೆಕಟ್ಟೂ ಒಂದು ಲಾಕೇ ಅಲ್ಲವೆ? ಬಾಗಿಲು ಹಾಕುತ್ತಾರೆ, ನೀರು ಏರುತ್ತದೆ. ಅಲ್ಲಿ ನೀರಿನೊಡನೆ ದೋಣಿಯೂ ಏರುತ್ತದೆ. ಇಲ್ಲಿ ನೀರು ಏರಿತು, ಊರು ಏರಲಿಲ್ಲ. 519.60 ಮೀಟರಿಗೆ ನಿಂತಿರುವ ಈ ನೀರನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಇನ್ನೂ ಎಷ್ಟು ಚೌಕಟ್ಟುಗಳು ಗೋಡೆಗೆ ಒರಗಬೇಕೋ!

ಈ ಬಗೆಯ ನೀರನ್ನು ಕನ್ನಡದಲ್ಲಿ ಕಂಡವರು ನಾ. ಡಿಸೋಜಾ. ಅವರ ‘ದ್ವೀಪ’ದಲ್ಲಿ ಗಣಪಯ್ಯ, ನಾಗವೇಣಿ ಹೊಳೆ ದಾಟಲು ಹೋದವರಲ್ಲ, ಶರಾವತಿಯೇ ಗುಡ್ಡದ ಸುತ್ತ ಏರಿ ಬಂದು ಅವರನ್ನು ದ್ವೀಪದಲ್ಲಿರಿಸಿತು. ಹಳೆಯ ರೂಪಕ ಅಲ್ಲಿ ತಲೆಕೆಳಗಾಗಿದೆ: ದೋಣಿ ಇದ್ದರೂ ದಡವೇ ಇಲ್ಲ. ಮಲೆನಾಡಿನ ಮುಳುಗಡೆಗೆ ಅವರು ಸಿಕ್ಕರು. ಕೃಷ್ಣೆಯ ಮುಳುಗಡೆಗೆ ಅಂಥ ಗದ್ಯ ಬರೆಯುವವರಿಗಾಗಿ ನಾನು ಕಾಯುತ್ತಿದ್ದೇನೆ. ಅದನ್ನು ಬರೆಯುವವನು ದಡದಲ್ಲಿ ಕೂತು ಬರೆಯಲಾರ ಎಂದು ಈಗ ನನಗೆ ಅನ್ನಿಸುತ್ತದೆ. ನೀರು ನಿಂತಿದೆ, ಮಟ್ಟ ಸಮನಾಗಿದೆ. ನಮ್ಮ ಹೊಳೆಗಳ ಇತಿಹಾಸದಲ್ಲಿ ಮೊದಲ ಸಲ ಉದ್ದಕ್ಕೆ ಹೋಗುವುದು ಸಾಧ್ಯವಾಗಿದೆ. ಇದೊಂದು ಕ್ರೂರವಾದ ಸೌಕರ್ಯ. ಇದನ್ನು ಬಳಸದಿದ್ದರೆ ಮಾತ್ರ ತಪ್ಪು ನಮ್ಮದು.

ಆಶ್ವೀಜದ ಕೊನೆಯ ವಾರ ಆ ಹುಡುಗನನ್ನೂ ಅವನ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಕೂಡಲ ಸಂಗಮಕ್ಕೆ ಹೋದೆ. ನಾರಾಯಣಪುರದ ಹಿನ್ನೀರು ಅಲ್ಲಿ ತುಂಬಿ ನಿಂತಿತ್ತು. ಬಸವಣ್ಣನ ಐಕ್ಯಮಂಟಪ ಮುಳುಗಬಾರದೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರಷ್ಟೆ. ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿದು ಲಿಂಗದ ಮುಂದೆ ನಿಂತಾಗ, ಗೋಡೆಯ ಆಚೆ ನೀರು ನಮ್ಮ ತಲೆಗಿಂತ ಎಷ್ಟೋ ಎತ್ತರದಲ್ಲಿದೆಯೆಂದು ಹೇಳಿದೆ. ಹುಡುಗ ಗೋಡೆಗೆ ಅಂಗೈ ಒತ್ತಿ ನಿಂತ. “ಲಾಕ್ ಅಂದ್ರ ಹಿಂಗ ಏನ್ರಿ ಸರ?” ಎಂದ. ನನ್ನ ತೂಬು, ತೊಟ್ಟಿ, ಮೆಟ್ಟಿಲುಗಳಿಂದ ಆಗದ ಅನುವಾದ ಅಲ್ಲಿ ಆಯಿತು.

ಎದುರು ದಡದಲ್ಲಿ ತಂಗಡಗಿ. ಕಲ್ಯಾಣದಿಂದ ಬಸವಣ್ಣನನ್ನು ಕಾಣಲು ಹೊರಟ ನೀಲಮ್ಮ ಅಲ್ಲಿಯೇ ಐಕ್ಯಳಾದಳೆಂದು ನಮ್ಮ ಕಡೆಯ ನಂಬಿಕೆ. ಹೊಳೆ ದಾಟದ ಕಥೆ ಅದು. ದಾಟುವುದೇ ಮುಕ್ತಿ ಎಂಬ ರೂಪಕಗಳ ನಡುವೆ, ದಾಟದೆ ಮುಟ್ಟಿದವಳೊಬ್ಬಳನ್ನು ಜನ ಎಷ್ಟು ಸಹಜವಾಗಿ ಇಟ್ಟುಕೊಂಡಿದ್ದಾರೆ! ಇದನ್ನು ನಾವು ಪಂಡಿತರು ಇನ್ನೂ ಸರಿಯಾಗಿ ಓದಿಲ್ಲ.

ದಡದಲ್ಲಿ ಮೀನಿನ ಬಲೆ ಬಿಡಿಸುತ್ತಿದ್ದ ಮುದುಕನೊಬ್ಬನನ್ನು ಕೇಳಿದೆ: “ಕಾಕಾ, ದೋಣಿ ಸಿಗತೈತೇನು?”

“ತಂಗಡಗಿಗೇನ್ರಿ ಮಾಸ್ತರ?”

“ಅಲ್ಲ. ಮಲಪ್ರಭಾದಾಗ ಮ್ಯಾಲಕ್ಕ, ಐಹೊಳಿ ದಿಕ್ಕಿಗೆ. ಆದಷ್ಟು ದೂರ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಹೊಳಿ ಉದ್ದಕ ಯಾರ ಹೋಗ್ತಾರ್ರಿ? ಹೊಳಿ ಇರೂದು ದಾಟಾಕ.”

ಕೊನೆಗೆ ಒಪ್ಪಿದ. ಎರಡು ತಾಸು ಹೋದೆವು. ಮೊದಲ ಅರ್ಧ ತಾಸು ಹುಡುಗರು ಫೋಟೋ ತೆಗೆದರು, ಆಮೇಲೆ ಸುಮ್ಮನಾದರು. ಸ್ಟೀವನ್‌ಸನ್ ಹೇಳುವ ನಿಧಾನ ಮೆಲ್ಲಗೆ ನಮ್ಮ ಮೇಲೆಯೂ ಇಳಿಯಿತು. ಒಂದು ಕಡೆ ಮುದುಕ ಹುಟ್ಟು ಎತ್ತಿ ಹಿಡಿದ. ದೋಣಿ ತಾನೇ ತೇಲಿತು. “ಇಲ್ಲಿ ನಮ್ಮ ಅಪ್ಪನ ಹೊಲ ಇತ್ತು,” ಎಂದ. “ಎರಿ ಹೊಲ. ಬಿಳಿಜ್ವಾಳ ಎದಿ ಮಟ ಬರತಿತ್ತು.” ನಾವು ನಾಲ್ವರೂ ನೀರಿಗೆ ಬಾಗಿ ನೋಡಿದೆವು. ಏನೂ ಕಾಣಲಿಲ್ಲ. ಅವನು ಮತ್ತೆ ಹುಟ್ಟು ಹಾಕಿದ. ಇಷ್ಟು ವರ್ಷ ಈ ನೀರಿನ ಮೇಲೆ ಬಲೆ ಬೀಸಿದವನು ಹೊಲದ ಮೇಲೆ ನಿಂತು ಈ ಮಾತನ್ನು ಯಾರಿಗಾದರೂ ಹೇಳಿದ್ದನೋ ಇಲ್ಲವೋ, ನಾನು ಕೇಳಲಿಲ್ಲ.

ಮರಳಿ ದಡಕ್ಕೆ ಬಂದಾಗ ಹೊತ್ತು ಇಳಿದಿತ್ತು. ಎಷ್ಟು ಕೊಡಬೇಕೆಂದು ಕೇಳಿದೆ. ಮುದುಕ ದೋಣಿಯನ್ನು ಗೂಟಕ್ಕೆ ಕಟ್ಟುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

“ಆಚಿ ದಂಡಿಗೆ ಬಿಟ್ಟರ ಇಷ್ಟು ಅಂತ ಐತ್ರಿ,” ಎಂದ. “ಎಲ್ಲಿಗೂ ಹೋಗದ ಹೊಳ್ಳಿ ಬಂದದ್ದಕ್ಕ ಏನ್ ತಗೋಲಿ, ನೀವ ಹೇಳ್ರಿ ಮಾಸ್ತರ.”